ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಚಯಾಪಚಯ ಮತ್ತು ಶಕ್ತಿಯ ಅಗತ್ಯ

ಡೌನ್ ಸಿಂಡ್ರೋಮ್ ಇರುವ ವಯಸ್ಕರ ದೇಹ ಆಹಾರದಿಂದ ಬಂದ ಶಕ್ತಿಯನ್ನು ಎಲ್ಲಿ, ಎಷ್ಟು ಖರ್ಚು ಮಾಡುತ್ತದೆ, ಉಳಿದದ್ದನ್ನು ಹೇಗೆ ಕೂಡಿಡುತ್ತದೆ ಎಂಬುದು ವೈದ್ಯವಿಜ್ಞಾನ ತಡವಾಗಿ ಕೈಗೆತ್ತಿಕೊಂಡ ಪ್ರಶ್ನೆ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಸಿಂಡ್ರೋಮಿನ ಲಕ್ಷಣಗಳನ್ನು ಒಟ್ಟಾಗಿ ವಿವರಿಸಿದ್ದು 1866ರಲ್ಲಿ. ಇದಕ್ಕೆ ಕಾರಣ 21ನೆಯ ವರ್ಣತಂತುವಿನ ಮೂರನೆಯ ಪ್ರತಿ ಎಂದು ಪ್ಯಾರಿಸ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ ಮತ್ತು ರೇಮಂ ಟ್ಯುರ್ಪಾಂ 1959ರಲ್ಲಿ ಪ್ರಕಟಿಸಿದರು. ಇಷ್ಟಾದರೂ 1980ರ ದಶಕದ ಆರಂಭದಲ್ಲಿ ಅಮೆರಿಕದಂಥ ದೇಶದಲ್ಲೇ ಇವರ ಸರಾಸರಿ ಆಯಸ್ಸು 25 ವರ್ಷದ ಆಸುಪಾಸಿನಲ್ಲಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹೃದಯದ ದೋಷದೊಂದಿಗೆ ಹುಟ್ಟುತ್ತಾರೆ; ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಲು ಹಿಂದೆ ಮುಂದೆ ನೋಡುವುದು ನಿಂತ ಮೇಲೆ ಆಯಸ್ಸು ಬೇಗಬೇಗ ಏರಿತು. ಈಗ ಅಲ್ಲಿ ಅದು 60ರ ಹತ್ತಿರ. ನಲವತ್ತು, ಐವತ್ತು ದಾಟಿದವರು ಇಷ್ಟೊಂದು ಸಂಖ್ಯೆಯಲ್ಲಿ ನಮ್ಮ ನಡುವೆ ಇರುವುದು ಇತಿಹಾಸದಲ್ಲೇ ಮೊದಲು. ಅವರ ಊಟ, ತೂಕ, ಸಕ್ಕರೆ, ಸ್ನಾಯುಬಲದ ಬಗೆಗಿನ ಅಧ್ಯಯನಗಳು ಆ ಆಯಸ್ಸಿನ ಹಿಂದೆ ಓಡುತ್ತಿವೆ. ಕೈಯಲ್ಲಿರುವ ಮಾಹಿತಿಯಲ್ಲಿ ದೊಡ್ಡ ಪಾಲು ಇಂದಿಗೂ ಮಕ್ಕಳದು.

ಈ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಮಾತೆಂದರೆ "ಇವರ ಮೆಟಬಾಲಿಸಂ ನಿಧಾನ". ತಂದೆತಾಯಿಗಳು ಹೇಳುತ್ತಾರೆ, ಶಿಕ್ಷಕರು ಹೇಳುತ್ತಾರೆ, ಎಷ್ಟೋ ವೈದ್ಯರೂ ಹೇಳುತ್ತಾರೆ. ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಅತಿತೂಕ ಸಾಮಾನ್ಯ ಜನರಿಗಿಂತ ಹೆಚ್ಚು ಎಂಬುದು ನಿಜ. ಆದರೆ ಅದಕ್ಕೆ ಈ ಒಂದೇ ಕಾರಣ ಕೊಟ್ಟು ಕೈತೊಳೆದುಕೊಂಡರೆ, ಗುಣಪಡಿಸಬಹುದಾದ ಹಲವು ಸಂಗತಿಗಳು ಪರೀಕ್ಷೆಯೇ ಆಗದೆ ಉಳಿಯುತ್ತವೆ. ಅಳತೆಗಳು ಹೇಳುವುದು ಇದಕ್ಕಿಂತ ಸೂಕ್ಷ್ಮವಾದ ಕಥೆ.

ವಿಶ್ರಾಂತಿಯ ಖರ್ಚು

ಮನುಷ್ಯ ದಿನವೊಂದಕ್ಕೆ ಖರ್ಚು ಮಾಡುವ ಶಕ್ತಿಯಲ್ಲಿ ಮೂರು ಭಾಗಗಳಿವೆ. ಸುಮ್ಮನೆ ಮಲಗಿದ್ದಾಗಲೂ ಹೃದಯ, ಮೆದುಳು, ಯಕೃತ್ತು, ಮೂತ್ರಪಿಂಡ ನಡೆಯಲು ಬೇಕಾದದ್ದು ಮೊದಲನೆಯದು; ಹೆಚ್ಚು ಓಡಾಡದವರಲ್ಲಿ ಇದೇ ಒಟ್ಟು ಖರ್ಚಿನ ಮೂರನೆಯ ಎರಡು ಪಾಲು. ಉಂಡದ್ದನ್ನು ಜೀರ್ಣಿಸಿಕೊಳ್ಳಲು ಸುಮಾರು ಹತ್ತನೆಯ ಒಂದು ಪಾಲು ಹೋಗುತ್ತದೆ. ಉಳಿದದ್ದು ಚಲನೆಗೆ. ವ್ಯಕ್ತಿಯಿಂದ ವ್ಯಕ್ತಿಗೆ ಅತಿ ಹೆಚ್ಚು ಬದಲಾಗುವುದು ಈ ಕೊನೆಯ ಭಾಗವೇ.

ವಿಶ್ರಾಂತಿಯ ಖರ್ಚನ್ನು ಅಳೆಯುವ ಕೋಣೆಯನ್ನು ಹತ್ತಿರದಿಂದ ನೋಡಿದರೆ ಈ ಸಂಖ್ಯೆಗಳು ಎಷ್ಟು ನಾಜೂಕಾದವು ಎಂದು ತಿಳಿಯುತ್ತದೆ. ರಾತ್ರಿ ಊಟದ ನಂತರ ಏನೂ ತಿನ್ನದೆ ಬಂದ ವ್ಯಕ್ತಿಯನ್ನು ಬೆಳಗ್ಗೆ ಹಾಸಿಗೆಯ ಮೇಲೆ ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಸುಕು ಇಡುತ್ತಾರೆ. ಒಳಗೆ ಹೋದ ಆಮ್ಲಜನಕ, ಹೊರಬಂದ ಇಂಗಾಲದ ಡೈಆಕ್ಸೈಡ್ ಎಷ್ಟೆಂದು ಯಂತ್ರ ಅರ್ಧ ಗಂಟೆ ಲೆಕ್ಕ ಇಡುತ್ತದೆ. ಆ ಅರ್ಧ ಗಂಟೆ ವ್ಯಕ್ತಿ ಎಚ್ಚರವಾಗಿರಬೇಕು, ಆದರೆ ಕದಲಬಾರದು. ಗಾಬರಿಯಾದರೆ ಅಂಕಿ ಏರುತ್ತದೆ, ನಿದ್ದೆ ಹತ್ತಿದರೆ ಇಳಿಯುತ್ತದೆ. ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಆ ಮುಸುಕು ಭಯ ಹುಟ್ಟಿಸಬಹುದು. ಆದ್ದರಿಂದ ಎಚ್ಚರಿಕೆಯ ಸಂಶೋಧಕರು ಅವರನ್ನು ಮೊದಲೇ ಕರೆಸಿ, ಯಂತ್ರ ತೋರಿಸಿ, ಮುಟ್ಟಲು ಬಿಟ್ಟು, ಅಭ್ಯಾಸ ಮಾಡಿಸಿದ ಮೇಲೆ ಅಳೆಯುತ್ತಾರೆ. ಈ ತಾಳ್ಮೆ ಇಲ್ಲದೆ ಬಂದ ಅಂಕಿಯನ್ನು ನಂಬುವುದು ಕಷ್ಟ.

ಏಮಿ ಲ್ಯೂಕ್ ಮತ್ತು ಸಂಗಡಿಗರು 1994ರಲ್ಲಿ, ಕದಲಾಟದ ಪಾಲನ್ನು ಲೆಕ್ಕದಿಂದ ಕಳೆದು, ಪ್ರಾಯಕ್ಕೆ ಬರುವ ಮುನ್ನದ ಮಕ್ಕಳಲ್ಲಿ ಈ ಅಳತೆ ಮಾಡಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಶ್ರಾಂತಿ ದರ ಇತರ ಮಕ್ಕಳಿಗಿಂತ ಕಡಿಮೆ ಎಂದು ಕಂಡುಬಂತು. ಮುಂದೆ ಒಡಹುಟ್ಟಿದವರೊಂದಿಗೆ ಹೋಲಿಸಿದ ಅಧ್ಯಯನವೂ ಇದನ್ನೇ ಹೇಳಿತು. "ನಿಧಾನ ಮೆಟಬಾಲಿಸಂ" ಎಂಬ ಮಾತಿಗೆ ಇರುವ ಗಟ್ಟಿ ಆಧಾರ ಇಷ್ಟು. ಆದರೆ ಬೋ ಫರ್ನ್‌ಹಾಲ್ ಅವರ ತಂಡ 2005ರಲ್ಲಿ ಬೊಜ್ಜು ಇರುವ ವಯಸ್ಕರನ್ನು ಅಳೆದಾಗ, ಡೌನ್ ಸಿಂಡ್ರೋಮ್ ಇದ್ದವರಿಗೂ ಇಲ್ಲದವರಿಗೂ ವಿಶ್ರಾಂತಿ ದರದಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಬಾಲ್ಯದಲ್ಲಿ ಕಂಡ ಕೊರತೆಯನ್ನು ಹಾಗೆಯೇ ತಂದು ಮೂವತ್ತೈದರ ವ್ಯಕ್ತಿಯ ಮೇಲೆ ಹೊರಿಸುವುದು ಸರಿಯಲ್ಲ ಎಂಬುದಕ್ಕೆ ಇದೊಂದೇ ಸಾಕು.

ಇಲ್ಲಿ ದೇಹದ ರಚನೆಯ ಲೆಕ್ಕ ಬರುತ್ತದೆ, ಮತ್ತು ಬೆಂಗಳೂರಿಗೆ ಸಂಬಂಧಪಟ್ಟ ಒಂದು ಹಳೆಯ ಪಾಠವೂ. ಭಾರತೀಯರ ಮೂಲ ಚಯಾಪಚಯ ದರ ಪಾಶ್ಚಾತ್ಯರಿಗಿಂತ ಕಡಿಮೆ ಎಂದು ದಶಕಗಳ ಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ ಶೆಟ್ಟಿ, ಮಾರಿಯೊ ಸೋರೆಸ್ ಮೊದಲಾದವರು 1980ರ ದಶಕದಿಂದ ನಡೆಸಿದ ಅಳತೆಗಳು, ಯುರೋಪಿನವರ ಮೇಲೆ ಕಟ್ಟಿದ ಸೂತ್ರಗಳು ಭಾರತೀಯರ ದರವನ್ನು ಹೆಚ್ಚಾಗಿ ಅಂದಾಜಿಸುತ್ತವೆ ಎಂದು ತೋರಿಸಿದವು. ಆದರೆ ಇದೇ ಗುಂಪಿನ ವಿಜ್ಞಾನಿಗಳು 1998ರಲ್ಲಿ ಭಾರತ ಮತ್ತು ಆಸ್ಟ್ರೇಲಿಯಾದ ಮಾಹಿತಿಯನ್ನು ಜೊತೆಗಿಟ್ಟು, ಕೊಬ್ಬಿನ ತೂಕ ಬೇರೆ, ಕೊಬ್ಬಿಲ್ಲದ ಅಂಗಾಂಶದ ತೂಕ ಬೇರೆ ಎಂದು ವಿಂಗಡಿಸಿ ನೋಡಿದಾಗ ಜನಾಂಗದ ವ್ಯತ್ಯಾಸ ಉಳಿಯಲಿಲ್ಲ. ಸ್ನಾಯು ಮತ್ತು ಅಂಗಗಳು ಎಷ್ಟಿವೆ ಎಂಬುದೇ ಮುಖ್ಯವಾಗಿತ್ತು. ಡೌನ್ ಸಿಂಡ್ರೋಮಿನ ಚರ್ಚೆಯಲ್ಲೂ ಇದೇ ವಿವೇಕ ಬೇಕು. ಡೌನ್ ಸಿಂಡ್ರೋಮ್ ಇರುವ ಪ್ರಾಯದ ಗಂಡಸರ ಎತ್ತರ ಸಾಮಾನ್ಯವಾಗಿ 155 ಸೆಂಟಿಮೀಟರ್ ಆಸುಪಾಸು, ಹೆಂಗಸರದು 145ರ ಆಸುಪಾಸು. ಹುಟ್ಟಿನಿಂದಲೇ ಸ್ನಾಯುಗಳ ಬಿಗುವು ಕಡಿಮೆ, ಕೊಬ್ಬಿಲ್ಲದ ಅಂಗಾಂಶವೂ ಕಡಿಮೆ. ಚಿಕ್ಕ ದೇಹಕ್ಕೆ ಚಿಕ್ಕ ಖರ್ಚು. ಅದನ್ನು ದೋಷ ಎನ್ನಲಾಗದು.

ಎತ್ತರ ಕಡಿಮೆಯಿರುವ ಕಾರಣ ದೇಹತೂಕ ಸೂಚ್ಯಂಕವನ್ನೂ ಜಾಣ್ಮೆಯಿಂದ ಓದಬೇಕು. ಭಾರತೀಯರಿಗೆ 23ರಿಂದ ಅತಿತೂಕ, 25ರಿಂದ ಬೊಜ್ಜು ಎಂಬ ಗಡಿಯನ್ನು ನಮ್ಮ ತಜ್ಞರು 2009ರಲ್ಲಿ ಒಪ್ಪಿದ್ದರು. ಗಿಡ್ಡ ಕೈಕಾಲು, ದಪ್ಪ ನಡು ಇರುವ ದೇಹದಲ್ಲಿ ಇದೇ ಸೂಚ್ಯಂಕ ಕೊಬ್ಬಿನ ಪ್ರಮಾಣವನ್ನು ತಪ್ಪಾಗಿ ತೋರಿಸಬಹುದು. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದು ಬರೆದಿಡುವುದು ಒಳ್ಳೆಯದು.

ಜೀನುಗಳ ಮಟ್ಟದಲ್ಲಿ

21ನೆಯದು ಮನುಷ್ಯನ ಅತಿ ಚಿಕ್ಕ ವರ್ಣತಂತು. ಪ್ರೋಟೀನ್ ತಯಾರಿಯ ಸಂಕೇತ ಹೊತ್ತ ಇನ್ನೂರಕ್ಕೂ ಹೆಚ್ಚು ಜೀನುಗಳು ಅದರಲ್ಲಿವೆ. ಮೂರನೆಯ ಪ್ರತಿ ಬಂದಾಗ ಇವುಗಳಲ್ಲಿ ಹಲವು ಸುಮಾರು ಒಂದೂವರೆ ಪಟ್ಟು ಕೆಲಸ ಮಾಡುತ್ತವೆ. ಚಯಾಪಚಯಕ್ಕೆ ನೇರ ಸಂಬಂಧವಿರುವ ಕೆಲವನ್ನು ಹೇಳಲೇಬೇಕು.

ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವದ ಜೀನು ಇಲ್ಲಿದೆ. ಅದು ಜೀವಕೋಶದಲ್ಲಿ ಹುಟ್ಟುವ ಅಪಾಯಕಾರಿ ಆಮ್ಲಜನಕದ ರೂಪವನ್ನು ಹೈಡ್ರೋಜನ್ ಪೆರಾಕ್ಸೈಡಾಗಿ ಬದಲಿಸುತ್ತದೆ. ಈ ಹೆಜ್ಜೆ ವೇಗವಾಗಿ, ಮುಂದಿನ ಹೆಜ್ಜೆ ಅಷ್ಟೇ ವೇಗವಾಗದಿದ್ದರೆ ಪೆರಾಕ್ಸೈಡ್ ಉಳಿದುಬಿಡುತ್ತದೆ. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಕಾರ್ಯಕ್ಷಮತೆ ಈ ಜೀವಕೋಶಗಳಲ್ಲಿ ಕುಂದಿರುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಸಿಸ್ಟಥಯೊನಿನ್ ಬೀಟಾ ಸಿಂಥೇಸ್ ಎಂಬ ಇನ್ನೊಂದು ಕಿಣ್ವ ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ಬೇರೆ ದಾರಿಗೆ ತಳ್ಳುತ್ತದೆ. ಹಾಗಾಗಿ ಇವರ ರಕ್ತದಲ್ಲಿ ಹೋಮೊಸಿಸ್ಟೀನ್ ಕಡಿಮೆ. ಅದೇ ದಾರಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹೆಚ್ಚಾಗಿ ತಯಾರಾಗಿ ಮೈಟೊಕಾಂಡ್ರಿಯದ ಉಸಿರಾಟವನ್ನು ತಡೆಯಬಹುದು ಎಂಬುದು ಈಗ ಗಂಭೀರವಾಗಿ ಪರಿಶೀಲನೆಯಲ್ಲಿರುವ ವಿಚಾರ. ಪ್ಯೂರಿನ್ ತಯಾರಿಗೆ ಸಂಬಂಧಿಸಿದ ಜೀನೂ ಇದೇ ವರ್ಣತಂತುವಿನಲ್ಲಿದೆ. ಪ್ಯೂರಿನ್ ಒಡೆದಾಗ ಬರುವ ಯೂರಿಕ್ ಆಮ್ಲ ಇವರಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಅದೂ ಒಂದು ಕಾರಣವಿರಬಹುದು. ಸೋಂಕಿನ ಎಚ್ಚರಿಕೆ ಸಾರುವ ಇಂಟರ್‌ಫೆರಾನ್‌ಗಳ ಆರು ಗ್ರಾಹಕಗಳಲ್ಲಿ ನಾಲ್ಕರ ಜೀನುಗಳು ಇಲ್ಲಿವೆ. ಸೋಂಕು ಇಲ್ಲದಾಗಲೂ ಇವರ ರೋಗನಿರೋಧಕ ವ್ಯವಸ್ಥೆ ಯುದ್ಧಕ್ಕೆ ನಿಂತಂತೆ ಇರುತ್ತದೆ ಎಂದು ಕೊಲರಾಡೊ ವಿಶ್ವವಿದ್ಯಾಲಯದ ಹ್ವಾಕಿನ್ ಎಸ್ಪಿನೋಸಾ ಅವರ ತಂಡ 2016ರಿಂದ ತೋರಿಸುತ್ತ ಬಂದಿದೆ. ಥೈರಾಯ್ಡ್, ಮೇದೋಜೀರಕ ಗ್ರಂಥಿ, ಸಣ್ಣ ಕರುಳುಗಳ ಮೇಲೆ ದೇಹವೇ ದಾಳಿ ಮಾಡುವ ಕಾಯಿಲೆಗಳು ಇವರಲ್ಲಿ ಹೆಚ್ಚಿರುವುದನ್ನು ಇದರ ಜೊತೆಗಿಟ್ಟು ಓದಬೇಕು.

ಜೀನು ನೋಡಿ ದೇಹದ ಹಣೆಬರಹ ಹೇಳಲು ಹೊರಟವರಿಗೆ ಒಂದು ಇಲಿಯ ಉದಾಹರಣೆ ತಡೆ ಹಾಕುತ್ತದೆ. ಮನುಷ್ಯನ 21ನೆಯ ವರ್ಣತಂತುವನ್ನು ಬಹುಪಾಲು ಹೊತ್ತ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿದರು. ಅವು ದಪ್ಪಗಾಗುತ್ತವೆ ಎಂದು ನಿರೀಕ್ಷಿಸುವುದು ಸಹಜ. 2023ರಲ್ಲಿ ಪ್ರಕಟವಾದ ಫಲಿತಾಂಶ ತದ್ವಿರುದ್ಧ: ಆ ಇಲಿಗಳು ತೆಳ್ಳಗಿದ್ದವು, ಶಕ್ತಿಯನ್ನು ಮಿತಿಮೀರಿ ಸುಡುತ್ತಿದ್ದವು, ಮೈಬಿಸಿಯೂ ಹೆಚ್ಚು. ಅವುಗಳ ಸ್ನಾಯುವಿನಲ್ಲಿ ಸಾರ್ಕೋಲಿಪಿನ್ ಎಂಬ ಪುಟ್ಟ ಪ್ರೋಟೀನ್ ವಿಪರೀತ ಹೆಚ್ಚಿ, ಕ್ಯಾಲ್ಸಿಯಂ ಸಾಗಿಸುವ ಪಂಪು ಕೆಲಸಕ್ಕೆ ಬಾರದೆ ತಿರುಗುತ್ತ ಶಾಖ ಹುಟ್ಟಿಸುತ್ತಿತ್ತು. ಮನುಷ್ಯರಲ್ಲಿ ಹೀಗಾಗುವುದಿಲ್ಲ. ಒಂದೇ ವರ್ಣತಂತು ಎರಡು ಜಾತಿಯ ದೇಹಗಳಲ್ಲಿ ವಿರುದ್ಧ ಫಲ ಕೊಟ್ಟಿದ್ದನ್ನು ನೋಡಿದ ಮೇಲೆ "ಎಲ್ಲ ಜೀನಿನಲ್ಲೇ ಇದೆ" ಎನ್ನುವ ಧೈರ್ಯ ಕಡಿಮೆಯಾಗಬೇಕು.

ನಡಿಗೆಯ ದುಬಾರಿ ವೆಚ್ಚ

ವಯಸ್ಕರ ಶಕ್ತಿಯ ಲೆಕ್ಕದಲ್ಲಿ ಅತಿ ಮುಖ್ಯವಾದ ಭಾಗ ಚಲನೆ. ಸಡಿಲ ಕೀಲುಗಳು, ಮೆತ್ತನೆಯ ಸ್ನಾಯುಗಳು, ಅಗಲವಾಗಿ ಇಡುವ ಹೆಜ್ಜೆ, ಪಕ್ಕಕ್ಕೆ ತೂಗುವ ಮೈ: ಇವೆಲ್ಲ ಸೇರಿ ಅದೇ ವೇಗದ ನಡಿಗೆಗೆ ಇವರಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ಅಂತರ ಹೆಚ್ಚುತ್ತದೆ ಎಂದು ಸ್ಟಮಾಟಿಸ್ ಅಜಿಯೊವ್ಲಾಸಿಟಿಸ್ ಅವರ ಅಧ್ಯಯನಗಳು ತೋರಿಸಿವೆ. ಅಂದರೆ ಕಿಲೋಮೀಟರಿಗೆ ಆಗುವ ಖರ್ಚು ಜಾಸ್ತಿ. ಹಾಗಿದ್ದರೆ ತೂಕ ಇಳಿಯಬೇಕಲ್ಲ ಎಂದು ಕೇಳಬಹುದು. ಇಳಿಯುವುದಿಲ್ಲ, ಏಕೆಂದರೆ ದುಬಾರಿಯಾದ ಕೆಲಸವನ್ನು ದೇಹ ಕಡಿಮೆ ಮಾಡುತ್ತದೆ. ಬೇಗ ದಣಿಯುವವರು ಬೇಗ ಕೂರುತ್ತಾರೆ.

ಹೃದಯದ ಕಡೆಯಿಂದಲೂ ಒಂದು ಮಿತಿ ಇದೆ. ಎಷ್ಟೇ ಓಡಿದರೂ ಇವರ ನಾಡಿ ಒಂದು ಹಂತದ ಮೇಲೆ ಏರುವುದಿಲ್ಲ. ಗರಿಷ್ಠ ಬಡಿತ ಇತರರಿಗಿಂತ ನಿಮಿಷಕ್ಕೆ 25ರಿಂದ 30ರಷ್ಟು ಕಡಿಮೆ. ಶ್ರಮಪಟ್ಟಾಗ ರಕ್ತಕ್ಕೆ ಬರಬೇಕಾದ ಅಡ್ರಿನಲಿನ್ ವರ್ಗದ ಹಾರ್ಮೋನುಗಳು ಸಾಕಷ್ಟು ಏರದಿರುವುದು ಇದಕ್ಕೆ ಕಾರಣ. ಇದೇ ಹಿನ್ನೆಲೆಯಲ್ಲಿ ಫರ್ನ್‌ಹಾಲ್ 2001ರಲ್ಲಿ ಬೇರೆಯದೇ ಸೂತ್ರ ಕೊಟ್ಟರು. ಅದರ ಪ್ರಕಾರ ಡೌನ್ ಸಿಂಡ್ರೋಮ್ ಇರುವ 30 ವರ್ಷದವರ ಗರಿಷ್ಠ ನಾಡಿ ಸುಮಾರು 162. ಜಿಮ್ಮಿನ ಗೋಡೆಗಳ ಮೇಲಿನ 220ರಿಂದ ವಯಸ್ಸು ಕಳೆಯುವ ಲೆಕ್ಕ ಹಿಡಿದರೆ 190 ಬರುತ್ತದೆ. 190ರ ಗುರಿ ಇಟ್ಟುಕೊಂಡ ತರಬೇತುದಾರರಿಗೆ ಎದುರಿನ ವ್ಯಕ್ತಿ ಸೋಮಾರಿಯಂತೆ ಕಾಣುತ್ತಾರೆ. ನಿಜದಲ್ಲಿ ಅವರು ತಮ್ಮ ಹೃದಯದ ತುತ್ತತುದಿಯಲ್ಲಿರುತ್ತಾರೆ. ಈ ಒಂದು ಅನ್ಯಾಯವನ್ನು ತಪ್ಪಿಸಲಾದರೂ ಸೂತ್ರ ತಿಳಿದಿರಬೇಕು.

ಇದು ಬದಲಾಗದ ಸ್ಥಿತಿಯೇನಲ್ಲ. ಪೋರ್ಚುಗಲ್ಲಿನ ಗೊನ್ಸಾಲೊ ಮೆಂಡೊನ್ಸಾ ಮತ್ತು ಸಂಗಡಿಗರು 2011ರಲ್ಲಿ, ನಡಿಗೆ-ಓಟದಂಥ ವ್ಯಾಯಾಮದ ಜೊತೆ ಭಾರ ಎತ್ತುವ ವ್ಯಾಯಾಮ ಸೇರಿಸಿದ 12 ವಾರಗಳ ತರಬೇತಿಯ ನಂತರ ವಯಸ್ಕರ ಆಮ್ಲಜನಕ ಬಳಕೆಯ ಸಾಮರ್ಥ್ಯವೂ ನಡಿಗೆಯ ಮಿತವ್ಯಯವೂ ಸುಧಾರಿಸಿದ್ದನ್ನು ವರದಿ ಮಾಡಿದರು. ಸ್ನಾಯು ಬಲಗೊಳ್ಳದೆ ಬರೀ ನಡೆಸಿದರೆ ಸಾಲದು. ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲು ಹತ್ತುವುದು, ನೀರು ತುಂಬಿದ ಬಾಟಲಿ ಎತ್ತಿಳಿಸುವುದು ಮನೆಯಲ್ಲೇ ಆಗುವ ಆರಂಭ. ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಕೆಲವರಲ್ಲಿ ಸಡಿಲವಾಗಿರುವುದರಿಂದ ಪಲ್ಟಿ, ಶೀರ್ಷಾಸನ, ತಲೆಯ ಮೇಲೆ ಭಾರ ಬೀಳುವ ಕಸರತ್ತುಗಳು ಬೇಡ. ಕೈಕಾಲು ಜೋಮು, ನಡಿಗೆಯಲ್ಲಿ ಹೊಸ ತಡವರಿಕೆ, ಮೂತ್ರದ ಮೇಲೆ ಹಿಡಿತ ತಪ್ಪುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಥೈರಾಯ್ಡ್, ನಿದ್ದೆ, ಸಕ್ಕರೆ

ತೂಕ ಏರುತ್ತಿರುವ ವಯಸ್ಕರಲ್ಲಿ ಆಹಾರಪಟ್ಟಿಗೆ ಮುನ್ನ ಥೈರಾಯ್ಡ್ ಪರೀಕ್ಷೆ ಆಗಬೇಕು. ಈ ಗ್ರಂಥಿ ಮಂಕಾಗುವುದು ಇವರಲ್ಲಿ ಬಹಳ ಸಾಮಾನ್ಯ. ಮಂಕಾದರೆ ವಿಶ್ರಾಂತಿ ದರ ನಿಜವಾಗಿಯೇ ಇಳಿಯುತ್ತದೆ, ಮಲಬದ್ಧತೆ, ಒಣ ಚರ್ಮ, ಜಡತ್ವ, ಮಾತು ಕಡಿಮೆಯಾಗುವುದು ಕಾಣುತ್ತದೆ. ಇವೆಲ್ಲ "ಅವನ ಸ್ವಭಾವವೇ ಹಾಗೆ" ಎಂಬ ಮಾತಿನಡಿ ಮುಚ್ಚಿಹೋಗುವುದು ದುಃಖದ ಸಂಗತಿ, ಏಕೆಂದರೆ ದಿನಕ್ಕೊಂದು ಮಾತ್ರೆಯಿಂದ ಸರಿಹೋಗುವ ತೊಂದರೆ ಇದು. 2020ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ, ಡೌನ್ ಸಿಂಡ್ರೋಮ್ ಇರುವ ವಯಸ್ಕರಿಗೆಂದೇ ಬರೆದ ಮಾರ್ಗಸೂಚಿ 21ನೆಯ ವಯಸ್ಸಿನಿಂದ ಒಂದೆರಡು ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಹೇಳುತ್ತದೆ. ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಅಂಕಿ ಕಾಯಿಲೆ ಇಲ್ಲದೆಯೂ ಕೊಂಚ ಮೇಲಿರಬಹುದಾದ್ದರಿಂದ ಒಂದು ವರದಿ ನೋಡಿ ಜೀವನಪೂರ್ತಿ ಮಾತ್ರೆ ಬರೆಯುವುದೂ ಬೇಡ. ಮರುಪರೀಕ್ಷೆ ಮಾಡಿಸಿ ತೀರ್ಮಾನಿಸುವುದು ಲೇಸು.

ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ವಯಸ್ಕರಲ್ಲಿ ಬಹುಪಾಲು ಜನರಿಗೆ ಇದೆ. ಕಿರಿದಾದ ಗಂಟಲು, ದೊಡ್ಡದಾಗಿ ಕಾಣುವ ನಾಲಿಗೆ, ಸಡಿಲ ಸ್ನಾಯು ಇದಕ್ಕೆ ದಾರಿ ಮಾಡುತ್ತವೆ. ಜೋರು ಗೊರಕೆ, ಕೂತೇ ಮಲಗುವುದು, ಬೆಳಗ್ಗೆ ಏಳಲಾರದಿರುವುದು ಇದರ ಗುರುತು. ರಾತ್ರಿ ಸರಿಯಾಗಿ ನಿದ್ದೆಯಾಗದವರಿಗೆ ಹಗಲು ಹಸಿವು ಹೆಚ್ಚು, ಚಟುವಟಿಕೆ ಕಡಿಮೆ, ಇನ್ಸುಲಿನ್ ಕೆಲಸವೂ ಕೆಡುತ್ತದೆ. ಹಸಿವಿನ ಬಗ್ಗೆ ಇನ್ನೊಂದು ಮಾತು: ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ, ದೇಹದ ಕೊಬ್ಬಿಗೆ ಹೋಲಿಸಿದರೆ, ಒಡಹುಟ್ಟಿದವರಿಗಿಂತ ಹೆಚ್ಚಿತ್ತು ಎಂದು 2008ರ ಅಧ್ಯಯನವೊಂದು ಹೇಳಿತು. ಸಂದೇಶ ಹೋದರೂ ಮೆದುಳು ಅದನ್ನು ಸರಿಯಾಗಿ ಕೇಳಿಸಿಕೊಳ್ಳುತ್ತಿಲ್ಲ ಎಂಬ ಸಾಧ್ಯತೆ ಇದರಿಂದ ಎದ್ದಿದೆ. ಇನ್ನೂ ಬೇಕು ಎಂದು ಕೈಚಾಚುವವರನ್ನು ಗದರುವ ಮುನ್ನ ಇದು ನೆನಪಿರಲಿ.

ಮೊದಲ ಬಗೆಯ ಮಧುಮೇಹ ಇವರಲ್ಲಿ ಹೆಚ್ಚು, ಮತ್ತು ಬೇಗ ಬರುತ್ತದೆ. ಎರಡನೆಯ ಬಗೆಯದೂ ಎಳೆಯ ಪ್ರಾಯದಲ್ಲೇ ಕಾಣಿಸಿಕೊಳ್ಳುತ್ತದೆ. ಅದೇ ಮಾರ್ಗಸೂಚಿ 30ರಿಂದ ಮೂರು ವರ್ಷಕ್ಕೊಮ್ಮೆ, ಬೊಜ್ಜು ಇದ್ದರೆ 21ರಿಂದಲೇ ಎರಡು ಮೂರು ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಕೇಳುತ್ತದೆ. ಇದಕ್ಕೆ ವಿರುದ್ಧವಾದ ಒಂದು ಸಮಾಧಾನವೂ ಇದೆ. ರಕ್ತದೊತ್ತಡ ಇವರಲ್ಲಿ ಕಡಿಮೆ. ರಕ್ತನಾಳ ಗಟ್ಟಿಯಾಗುವ ಕಾಯಿಲೆಯೂ ವಿರಳ ಎಂದು 1977ರಿಂದ ಗಮನಿಸಲಾಗಿದೆ. ಬೊಜ್ಜು ಇದ್ದೂ ಹೃದಯದ ನಾಳಗಳು ಸ್ವಚ್ಛವಾಗಿರುವುದು ಹೇಗೆ ಎಂಬುದು ಎಲ್ಲರಿಗೂ ಉಪಯೋಗವಾಗಬಲ್ಲ ಪ್ರಶ್ನೆ.

ಎಷ್ಟು ಉಣ್ಣಬೇಕು

ಡೌನ್ ಸಿಂಡ್ರೋಮ್ ಇರುವ ವಯಸ್ಕರಿಗೆಂದು ಬೇರೆ ಕೋಷ್ಟಕ ನಮ್ಮಲ್ಲಿಲ್ಲ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯಲ್ಲಿ, ಕೂತು ಕೆಲಸ ಮಾಡುವ 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 2110 ಕಿಲೋಕ್ಯಾಲೊರಿ, 55 ಕೆ.ಜಿ. ತೂಕದ ಹೆಂಗಸಿಗೆ 1660. ಈ ಅಂಕಿಗಳನ್ನು ಹಾಗೆಯೇ ಎತ್ತಿ ಬಳಸಿದರೆ ಏನಾಗುತ್ತದೆಂದು ಒಂದು ಮನೆಯ ಅಡುಗೆಕೋಣೆಯಲ್ಲಿ ನಿಂತು ನೋಡೋಣ. ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಮನೆ.

ಡೌನ್ ಸಿಂಡ್ರೋಮ್ ಇರುವ ಮಗಳಿಗೆ 30 ವರ್ಷ, ಎತ್ತರ 145 ಸೆಂ.ಮೀ., ತೂಕ 52 ಕೆ.ಜಿ. ಆಸ್ಪತ್ರೆಗಳಲ್ಲಿ ಬಳಸುವ ಮಿಫ್ಲಿನ್–ಸೇಂಟ್ ಜಿಯೊರ್ ಸೂತ್ರದಲ್ಲಿ ಅವಳ ವಿಶ್ರಾಂತಿ ಖರ್ಚು ಸುಮಾರು 1115 ಕಿಲೋಕ್ಯಾಲೊರಿ. ಕೂತಿರುವ ಬದುಕಿಗೆ 1.4ರಿಂದ ಗುಣಿಸಿದರೆ ದಿನಕ್ಕೆ 1560. ಅವಳ ಅವಳಿ ತಮ್ಮನ ಎತ್ತರ 170, ತೂಕ 70, ದಿನವಿಡೀ ಓಡಾಟದ ಕೆಲಸ, 1.6ರ ಲೆಕ್ಕದಲ್ಲಿ ಅವನಿಗೆ ಹತ್ತಿರಹತ್ತಿರ 2590. ಅಮ್ಮ ಇಬ್ಬರಿಗೂ ಒಂದೇ ಅಳತೆಯ ಮುದ್ದೆ ಹಾಕುತ್ತಾಳೆ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಗೆ ಸುಮಾರು 320 ಕಿಲೋಕ್ಯಾಲೊರಿ. ಅವನಿಗೆ ಅದು ದಿನದ ಎಂಟನೆಯ ಒಂದು ಪಾಲು, ಅವಳಿಗೆ ಐದನೆಯ ಒಂದು ಪಾಲು. ಮೂರು ಹೊತ್ತು ಕಾಫಿಗೆ ಎರಡೆರಡು ಚಮಚ ಸಕ್ಕರೆ ಎಂದರೆ 120 ಕಿಲೋಕ್ಯಾಲೊರಿ. ಒಗ್ಗರಣೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚಾದರೆ ಮತ್ತೆ ಅಷ್ಟೇ. ದಿನಕ್ಕೆ 100 ಕಿಲೋಕ್ಯಾಲೊರಿ ಉಳಿದರೆ ಸರಳ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕೂವರೆ ಕೆ.ಜಿ. ದಾಟುತ್ತದೆ, ಮೈ ಭಾರವಾದಂತೆ ಖರ್ಚೂ ಏರುವುದರಿಂದ ನಿಜವಾದ ಏರಿಕೆ ಅಷ್ಟಾಗದಿದ್ದರೂ ದಿಕ್ಕು ಅದೇ. ಇಲ್ಲಿ ಯಾರೂ ಹೊಟ್ಟೆಬಾಕರಲ್ಲ. ಮನೆಯವರೆಲ್ಲರಿಗೂ ಒಂದೇ ತಟ್ಟೆ, ಒಂದೇ ಸೌಟು, ಅಷ್ಟೇ.

ಆದ್ದರಿಂದ ಈ ವಯಸ್ಕರಿಗೆ ಊಟದ ಸಲಹೆ ಕೊಡುವವರು ಎತ್ತರ ಮತ್ತು ತೂಕ ಎರಡನ್ನೂ ಹಿಡಿದು ಲೆಕ್ಕ ಹಾಕಿ, ಅದನ್ನು ಅಂದಾಜು ಎಂದೇ ಭಾವಿಸಿ, ಎರಡು ಮೂರು ತಿಂಗಳ ತೂಕ ನೋಡಿ ತಿದ್ದಿಕೊಳ್ಳಬೇಕು. ಕ್ಯಾಲೊರಿ ಕಡಿಮೆ ಮಾಡುವಾಗ ಪ್ರೋಟೀನ್ ಕಡಿಮೆಯಾಗಬಾರದು. ಮೊದಲೇ ಕಡಿಮೆ ಇರುವ ಸ್ನಾಯುವನ್ನು ಕಳೆದುಕೊಂಡರೆ ವಿಶ್ರಾಂತಿಯ ಖರ್ಚು ಇನ್ನಷ್ಟು ಇಳಿಯುತ್ತದೆ. ಅನ್ನ, ಮುದ್ದೆ ಸ್ವಲ್ಪ ತಗ್ಗಿಸಿ ಬೇಳೆ, ಮೊಳಕೆ ಕಾಳು, ಮೊಸರು, ಮೊಟ್ಟೆ, ಮೀನು, ಸೊಪ್ಪಿನ ಪಾಲು ಏರಿಸುವುದು ನಮ್ಮ ಅಡುಗೆಗೆ ಹೊಸದೇನಲ್ಲ. ಬಾಯಿ ಚಿಕ್ಕದಾಗಿ, ಹಲ್ಲು ಕಡಿಮೆಯಿದ್ದು ಜಗಿಯಲು ಕಷ್ಟವಿರುವವರು ಮೆತ್ತನೆಯ ಅನ್ನ, ಬಿಸ್ಕತ್ತು, ಬನ್ನಿನ ಕಡೆಗೇ ವಾಲುತ್ತಾರೆ. ಅಂಥವರಿಗೆ ತರಕಾರಿಯನ್ನು ಚೆನ್ನಾಗಿ ಬೇಯಿಸಿ ಕೊಡಬೇಕು, ಹಲ್ಲಿನ ವೈದ್ಯರಿಗೂ ತೋರಿಸಬೇಕು. ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆ ಇವರಲ್ಲಿ ಹೆಚ್ಚು. ಭೇದಿ, ರಕ್ತಹೀನತೆ ಇದ್ದರೆ ಅದರ ಪರೀಕ್ಷೆ ಆಗಲೇಬೇಕು. ಅನ್ನ, ರಾಗಿ, ಜೋಳದ ನಾಡಿನಲ್ಲಿ ಗೋಧಿ ಬಿಡುವುದು ಅಷ್ಟು ಕಷ್ಟವಲ್ಲ ಎಂಬುದೊಂದು ಅನುಕೂಲ.

ಯಾರೋ ಹೇಳಿದ ಪಥ್ಯ ಬಹಳ ದಿನ ನಡೆಯುವುದಿಲ್ಲ. ಬೌದ್ಧಿಕ ಅಸಾಮರ್ಥ್ಯ ಇರುವ ವಯಸ್ಕರ ಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡ ಪ್ರಯೋಗಿಸಿ 2018ರಲ್ಲಿ ಪ್ರಕಟಿಸಿದ ವಿಧಾನ ನನಗೆ ಬಹಳ ಮಾನವೀಯವಾಗಿ ಕಾಣುತ್ತದೆ. ಆಹಾರಗಳನ್ನು ಟ್ರಾಫಿಕ್ ದೀಪದ ಮೂರು ಬಣ್ಣಗಳಲ್ಲಿ ವಿಂಗಡಿಸಿದರು: ಹಸಿರಿನದು ಬೇಕಾದಷ್ಟು, ಹಳದಿಯದು ಹಿಡಿತದಲ್ಲಿ, ಕೆಂಪಿನದು ಅಪರೂಪಕ್ಕೆ. ಜೊತೆಗೆ ಅಳತೆ ಮಾಡಿದ ಊಟದ ಪೊಟ್ಟಣಗಳು. ಆರು ತಿಂಗಳಿಗೆ, ಸಾಮಾನ್ಯ ಕಡಿಮೆ ಕ್ಯಾಲೊರಿ ಪಥ್ಯಕ್ಕಿಂತ ಇದರಲ್ಲಿ ಹೆಚ್ಚು ತೂಕ ಇಳಿಯಿತು. ಓದು ಬಾರದವರೂ ಬಣ್ಣ ನೋಡಿ ತಾವೇ ಆರಿಸಿಕೊಳ್ಳಬಹುದಾದ್ದು ಇದರ ಬಲ. ಬಹುಮಾನವಾಗಿ ಚಾಕೊಲೇಟು, ಅಳು ನಿಲ್ಲಿಸಲು ಬಿಸ್ಕತ್ತು ಎಂಬ ಬಾಲ್ಯದ ರೂಢಿ ಪ್ರಾಯದಲ್ಲೂ ಮುಂದುವರಿದಿರುವ ಮನೆಗಳಲ್ಲಿ ಮೊದಲು ಬದಲಾಗಬೇಕಾದವರು ಸುತ್ತಲಿನವರು. ಮನಸ್ಸಿನ ಕಾಯಿಲೆಗೆ, ಮೂರ್ಛೆಗೆ ಕೊಡುವ ಕೆಲವು ಔಷಧಿಗಳೂ ತೂಕ ಏರಿಸುತ್ತವೆ. ಅದನ್ನು ವೈದ್ಯರ ಬಳಿ ಪ್ರಸ್ತಾಪಿಸಬೇಕೇ ಹೊರತು ತಾವಾಗಿ ನಿಲ್ಲಿಸಬಾರದು.

ನಲವತ್ತರ ನಂತರ

ಇವರ ದೇಹ ಬೇಗ ಮುಪ್ಪಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಇತರರಿಗಿಂತ ಕೆಲವು ವರ್ಷ ಮೊದಲು. ಮೂಳೆ ಸವೆತವೂ ಮುಂಚಿತ. ಅಮಿಲಾಯ್ಡ್ ಪ್ರೋಟೀನಿನ ಮೂಲ ಜೀನು 21ನೆಯ ವರ್ಣತಂತುವಿನಲ್ಲೇ ಇರುವುದರಿಂದ ಅಲ್ಝೈಮರ್ ಕಾಯಿಲೆ ಇವರಲ್ಲಿ ಬಹುಪಾಲು ಜನರಿಗೆ ಬರುತ್ತದೆ. ಗುರುತಿಸುವ ವಯಸ್ಸು ಸಾಮಾನ್ಯವಾಗಿ ಐವತ್ತರ ಆಸುಪಾಸು. 40ರಿಂದ ಪ್ರತಿವರ್ಷ ಇದಕ್ಕಾಗಿ ಪರಿಶೀಲನೆ ಬೇಕೆಂಬುದು 2020ರ ಮಾರ್ಗಸೂಚಿಯ ಮಾತು.

ಇಲ್ಲಿ ಶಕ್ತಿಯ ಲೆಕ್ಕ ತಿರುವುಮುರುವಾಗುತ್ತದೆ. ಇಪ್ಪತ್ತು ವರ್ಷ "ತೂಕ ಇಳಿಸಿ" ಎಂದು ಕೇಳಿದ ಕುಟುಂಬಕ್ಕೆ, ನಲವತ್ತೆಂಟರಲ್ಲಿ ಮೈ ತಾನಾಗಿ ಇಳಿಯತೊಡಗಿದರೆ ಸಂತೋಷವಾಗಬಹುದು. ಆಗ ಸಂತೋಷಪಡುವಂತಿಲ್ಲ. ಪ್ರಯತ್ನವಿಲ್ಲದೆ ಇಳಿಯುವ ತೂಕ ಅಲ್ಝೈಮರ್‌ನ ಮುನ್ಸೂಚನೆಯಾಗಿರಬಹುದು ಎಂದು ಅಧ್ಯಯನಗಳು ಕಂಡಿವೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಸೀಲಿಯಾಕ್, ಮಧುಮೇಹ, ಹಲ್ಲುನೋವು, ಖಿನ್ನತೆಯೂ ಕಾರಣವಿರಬಹುದು, ಮತ್ತು ಇವೆಲ್ಲಕ್ಕೂ ಚಿಕಿತ್ಸೆ ಇದೆ. ಆರು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 60 ಕೆ.ಜಿ. ಇದ್ದವರು 3 ಕೆ.ಜಿ., ಕಾರಣವಿಲ್ಲದೆ ಇಳಿದರೆ ಪರೀಕ್ಷೆ ಮಾಡಿಸಬೇಕು. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ, ಒಂದೇ ಹೊತ್ತಿನಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟವರಿಗೆ ಮಾತ್ರ ಇದು ಗೊತ್ತಾಗುತ್ತದೆ. ಕಾಯಿಲೆ ಮುಂದುವರಿದಾಗ ನುಂಗುವುದು ಕಷ್ಟವಾಗುತ್ತದೆ, ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯ ಬರುವ ಅಪಾಯ ಹೆಚ್ಚು. ಆ ಹಂತದಲ್ಲಿ ಹಳೆಯ ಪಥ್ಯಕ್ಕೆ ಅರ್ಥವಿಲ್ಲ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು, ಒಂದನ್ನು ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು. ತೆಳ್ಳಗಿನ ಸಾರಿನ ಬದಲು ಗಟ್ಟಿಯಾಗಿ ಮಸೆದ ಬೇಳೆ ಅನ್ನ, ಅದಕ್ಕೆ ತುಪ್ಪ, ಕೆನೆಮೊಸರು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸದಿರುವುದು. ಎಷ್ಟು ಗಟ್ಟಿಯಿದ್ದರೆ ಆ ವ್ಯಕ್ತಿಗೆ ನುಂಗಲು ಸಲೀಸು ಎಂಬುದನ್ನು ನುಂಗುವಿಕೆಯ ಪರೀಕ್ಷೆ ಮಾಡುವ ವಾಕ್ ಚಿಕಿತ್ಸಕರು ನೋಡಿ ಹೇಳುತ್ತಾರೆ.